ಆಶುಚಿತ್ರವೂ ರಾಗಮಾಲೆಯೂ

೧

ನಾದವನ್ನು ಕಣ್ಣಿಗೆ ಕಾಣಿಸಬೇಕೆಂಬ ಬಯಕೆ ಮನುಷ್ಯನಿಗೆ ಬಹು ಹಳೆಯದು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಸಪ್ತಸ್ವರಗಳಿಗೆ ಒಂದೊಂದು ಬಣ್ಣವನ್ನು ಹೇಳಿದನು: ಷಡ್ಜಕ್ಕೆ ತಾವರೆಯ ಬಣ್ಣ, ಗಾಂಧಾರಕ್ಕೆ ಹೊನ್ನಿನ ಬಣ್ಣ, ಮಧ್ಯಮಕ್ಕೆ ಕುಂದಪುಷ್ಪದ ಬಿಳುಪು, ಪಂಚಮಕ್ಕೆ ಕಪ್ಪು. ೧೭೨೫ರಲ್ಲಿ ಫ್ರಾನ್ಸಿನ ಪಾದ್ರಿ ಲೂಯಿ ಬರ್ತ್ರಾಂ ಕಸ್ತೆಲನು ಕೀಲಿಯನ್ನೊತ್ತಿದರೆ ಸ್ವರಕ್ಕೆ ತಕ್ಕ ಬಣ್ಣವನ್ನು ತೋರುವ ವಾದ್ಯವೊಂದನ್ನು ಕಲ್ಪಿಸಿದನು. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸಿ 'ನಮ್ಮಲ್ಲಿ ಮೊದಲೇ ಇದ್ದಿತು' ಎಂದು ಹಿಗ್ಗುವುದು ಸಂಶೋಧನೆಯೆನಿಸದು. ಎರಡು ಕಡೆಯಲ್ಲಿಯೂ ಒಂದೇ ಬಯಕೆ ಮೂಡಿತೆಂಬುದಷ್ಟೇ ಇಲ್ಲಿ ಪ್ರಸ್ತುತ.

ಆ ಬಯಕೆ ನಮ್ಮ ಕಾಲದಲ್ಲಿ ತಳೆದಿರುವ ಹೊಸ ರೂಪವೊಂದನ್ನು ಪ್ರಕೃತ ಲೇಖನವು ವಿಚಾರಕ್ಕೆ ಎತ್ತಿಕೊಂಡಿದೆ. ವೇದಿಕೆಯ ಮೇಲೆ ಸಂಗೀತ ನಡೆಯುತ್ತಿರುವಾಗ ಕಲಾವಿದನೊಬ್ಬನು ಗಣಕಯಂತ್ರದ ಮುಂದೆ ಕುಳಿತು ಆಜ್ಞೆಗಳ ಸಾಲುಗಳನ್ನು ಬರೆಯುತ್ತಾನೆ. ಸಾಲನ್ನು ಬರೆದು ಜಾರಿಗೊಳಿಸಿದೊಡನೆಯೇ ಹಿಂದಿನ ದೊಡ್ಡ ಪರದೆಯ ಮೇಲೆ ಗೆರೆಗಳೂ ಬಣ್ಣಗಳೂ ಹುಟ್ಟಿ ಹಾಡಿನೊಡನೆ ಚಲಿಸತೊಡಗುತ್ತವೆ. ಒಂದು ಅಂಕಿಯನ್ನು ತಿದ್ದಿದರೆ ಚಿತ್ರವೂ ತಿದ್ದಿಕೊಳ್ಳುವುದು. ಮೊದಲೇ ಸಿದ್ಧಪಡಿಸಿ ತಂದ ಚಲಚ್ಚಿತ್ರ ಇದಲ್ಲ. ಬರಹ, ಚಿತ್ರ, ಸಂಗೀತ ಮೂರೂ ಸಭೆಯ ಎದುರಿನಲ್ಲಿ ಏಕಕಾಲದಲ್ಲಿ ಆಗುತ್ತವೆ. ಇದಕ್ಕೆ ಲೈವ್ ಕೋಡಿಂಗ್ ಎಂದು ಹೆಸರು. ಈ ಬಗೆಯ ಕಲಾವಿದರ ಟಾಪ್‌ಲ್ಯಾಪ್ ಎಂಬ ಕೂಟವು ೨೦೦೪ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿತು. ಇಂತಹ ಸಂಗೀತಕ್ಕೆ ಜನರು ಕುಣಿಯುವ ಕೂಟಗಳಿಗೆ ೨೦೧೧ರಲ್ಲಿ ಇಂಗ್ಲೆಂಡಿನ ಅಲೆಕ್ಸ್ ಮೆಕ್ಲೀನ್ ಮತ್ತು ನಿಕ್ ಕಾಲಿನ್ಸ್ ಎಂಬವರು 'ಆಲ್ಗೊರೇವ್' ಎಂದು ಹೆಸರಿಟ್ಟರು; ಮರುವರ್ಷ ಲಂಡನ್ನಿನಲ್ಲಿ ಮೊದಲನೆಯ ಕೂಟ ನಡೆಯಿತು. ಇಂದು ಅದು ಹಲವು ದೇಶಗಳಿಗೆ ಹಬ್ಬಿದೆ. ನಮ್ಮ ದೇಶದ ದೊಡ್ಡ ನಗರಗಳಲ್ಲಿಯೂ ಇದನ್ನು ಅಭ್ಯಾಸಮಾಡುವ ತರುಣರಿದ್ದಾರೆ. ಆಶುಕವಿತೆಯೆಂಬ ಮಾತು ನಮ್ಮಲ್ಲಿ ರೂಢವಾಗಿರುವುದರಿಂದ, ಹೀಗೆ ಸ್ಥಳದಲ್ಲಿಯೇ ಬರೆದು ಹುಟ್ಟಿಸುವ ಚಿತ್ರವನ್ನು ಇಲ್ಲಿ 'ಆಶುಚಿತ್ರ'ವೆಂದು ಕರೆದಿದೆ.

ಘಾಜಿಯಾಬಾದಿನ ಕನ್ನಡಿಗರಿಗೆ ಈ ವಿಷಯ ತೀರ ಹೊರಗಿನದೇನೂ ಅಲ್ಲ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಜಾಲಹಳ್ಳಿಯಲ್ಲಿ ಬೆಳೆದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತನ್ನ ಎರಡನೆಯ ಕಾರ್ಖಾನೆಯನ್ನು ತೆರೆದದ್ದು ೧೯೭೪ರಲ್ಲಿ, ಈ ಊರಿನಲ್ಲಿ. ಅಲ್ಲಿ ತಯಾರಾಗತೊಡಗಿದ್ದು ರೇಡಾರ್. ಎಂದರೆ, ದೂರದಿಂದ ಮರಳಿಬಂದ ಅಲೆಯನ್ನು ಪರದೆಯ ಮೇಲೆ ಕಾಣುವ ಗುರುತನ್ನಾಗಿಸುವ ಯಂತ್ರ. ಅಲೆಯನ್ನು ಚಿತ್ರವಾಗಿಸುವ ವಿದ್ಯೆಗೂ ಜಾಲಹಳ್ಳಿಗೂ ಘಾಜಿಯಾಬಾದಿಗೂ ಹೀಗೆ ಅರ್ಧಶತಮಾನದ ನಂಟುಂಟು. ಇಂದು ಇಂದಿರಾಪುರಂ, ವೈಶಾಲಿ, ವಸುಂಧರಾಗಳಲ್ಲಿ ಮನೆಮಾಡಿಕೊಂಡಿರುವ ಕಿರಿಯರಲ್ಲಿ ಅನೇಕರು ನೋಯ್ಡಾದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕೋಡ್ ಬರೆದು ಜೀವಿಸುತ್ತಾರೆ. ಹಗಲೆಲ್ಲ ಅವರು ಬರೆಯುವ ಬರಹಕ್ಕೂ ಸಂಜೆ ಸಂಘದ ಸಭೆಯಲ್ಲಿ ಅವರು ಕೇಳುವ ಹಾಡಿಗೂ ಸಂಬಂಧವೇ ಇಲ್ಲವೆಂಬುದು ಎಲ್ಲರೂ ಒಪ್ಪಿಕೊಂಡು ಬಿಟ್ಟಿರುವ ಮಾತು. ಆಶುಚಿತ್ರವು ಇವೆರಡನ್ನೂ ಒಂದೇ ಪರದೆಯ ಮೇಲೆ ತರುವ ಕಲೆ. ಆದುದರಿಂದ ಅದನ್ನು ಬೆರಗಿನಿಂದ ನೋಡಿ ಮರೆಯುವುದಾಗಲಿ ಹುಡುಗರ ಆಟವೆಂದು ತಳ್ಳಿಹಾಕುವುದಾಗಲಿ ಸಲ್ಲದು; ಅದರ ಗುಣದೋಷಗಳನ್ನು ವಿವೇಚಿಸಬೇಕು.

೨

ವಿವೇಚನೆಗೆ ಮೊದಲು ವಸ್ತುಪರಿಚಯ ಆವಶ್ಯಕ. ಆಶುಚಿತ್ರಕ್ಕೆ ಇಂದು ಬಳಕೆಯಲ್ಲಿರುವ ಸಾಧನಗಳಲ್ಲಿ ಒಲಿವಿಯಾ ಜ್ಯಾಕ್ ಎಂಬ ಕಲಾವಿದೆ ರಚಿಸಿದ 'ಹೈಡ್ರಾ' ಬಹು ಪ್ರಸಿದ್ಧವಾದದ್ದು. ಅದಕ್ಕೆ ಹಣ ಕೊಡಬೇಕಾಗಿಲ್ಲ, ಬ್ರೌಸರಿನಲ್ಲಿಯೇ ನಡೆಯುತ್ತದೆ. ೧೯೭೦ರ ದಶಕದ ಆದಿಯಲ್ಲಿ ಶಿಕಾಗೋದ ಡ್ಯಾನ್ ಸ್ಯಾಂಡಿನ್ ಟೆಲಿವಿಷನ್ನಿನ ವಿದ್ಯುತ್ಸಂಕೇತವನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದು ಪೆಟ್ಟಿಗೆಗೆ ತಂತಿಯ ಮೂಲಕ ಹಾಯಿಸಿ ಚಿತ್ರವನ್ನು ಮಾರ್ಪಡಿಸುವ ಯಂತ್ರವನ್ನು ಕಟ್ಟಿದ್ದನು. ಹೈಡ್ರಾ ಅಂತಹ ಯಂತ್ರಗಳ ಸ್ಫೂರ್ತಿಯಿಂದ ಹುಟ್ಟಿದುದು. ಇಲ್ಲಿ ಪೆಟ್ಟಿಗೆಯ ಸ್ಥಾನದಲ್ಲಿ ಮಾತಿದೆ, ತಂತಿಯ ಸ್ಥಾನದಲ್ಲಿ ಚುಕ್ಕೆಯಿದೆ.

'ಆಸ್ಕ್' ಎಂದು ಬರೆದರೆ ಅಲೆಯೊಂದು ಹುಟ್ಟಿ, ಪರದೆಯ ಮೇಲೆ ಬೆಳಕು ಕತ್ತಲೆಗಳ ಪಟ್ಟೆಗಳು ಹರಿಯುತ್ತವೆ. ಅದರ ಮುಂದೆ ಆವರಣದಲ್ಲಿ ಬರೆಯುವ ಅಂಕಿಯು ಪಟ್ಟೆಗಳು ಎಷ್ಟು ಒತ್ತಾಗಿರಬೇಕೆಂಬುದನ್ನು ಗೊತ್ತುಮಾಡುತ್ತದೆ. ಏನನ್ನೂ ಬರೆಯದಿದ್ದರೆ ಅದು ೬೦ ಎಂದು ಯಂತ್ರ ತಿಳಿಯುವುದು. ಚುಕ್ಕೆಯಿಟ್ಟು 'ರೊಟೇಟ್' ಎಂದರೆ ಪಟ್ಟೆಗಳು ಓರೆಯಾಗಿ ತಿರುಗುತ್ತವೆ. ಮತ್ತೆ ಚುಕ್ಕೆಯಿಟ್ಟು 'ಕೆಲೈಡ್' ಎಂದರೆ, ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಬಳೆಚೂರಿನ ಕೊಳವೆಯಲ್ಲಿ ಕಾಣುವಂತೆ, ಚಿತ್ರವು ಮಡಿಮಡಿಯಾಗಿ ರಂಗವಲ್ಲಿಯ ರೂಪಕ್ಕೆ ಬರುತ್ತದೆ. ಕೊನೆಯಲ್ಲಿ 'ಔಟ್' ಎಂದು ಬರೆದಾಗ ಮಾತ್ರ ಇವೆಲ್ಲವೂ ಪರದೆಗೆ ಬರುವುವು. ಆ ಬಳಿಕ ಯಂತ್ರವು ಪರದೆಯ ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಸೆಕೆಂಡಿಗೆ ಸುಮಾರು ೬೦ ಸಲ ಹೊಸದಾಗಿ ಲೆಕ್ಕಹಾಕುತ್ತಿರುತ್ತದೆ.

ಇನ್ನು ಚಿತ್ರಕ್ಕೂ ಹಾಡಿಗೂ ಗಂಟುಹಾಕುವ ಬಗೆ. ಮೈಕಿನಿಂದ ಬಂದ ಧ್ವನಿಯನ್ನು ತಗ್ಗಿನ ಸ್ಥಾಯಿಯಿಂದ ಮೇಲಿನ ಸ್ಥಾಯಿಯವರೆಗೆ ಕೆಲವು ಪಾಲುಗಳಾಗಿ ಒಡೆದು, ಆಯಾ ಗಳಿಗೆಯಲ್ಲಿ ಒಂದೊಂದು ಪಾಲಿನಲ್ಲಿ ಎಷ್ಟು ಬಲವಿದೆಯೆಂಬುದನ್ನು ಯಂತ್ರ ಅಳೆಯುತ್ತದೆ. ಹೈಡ್ರಾದಲ್ಲಿ ನಾವಾಗಿ ಬದಲಾಯಿಸದ ಹೊರತು ಇಂತಹ ಪಾಲುಗಳು ೪. ಈ ಅಳತೆಯನ್ನು ಮೇಲೆ ಹೇಳಿದ ಯಾವ ಅಂಕಿಯ ಸ್ಥಾನದಲ್ಲಿ ಬೇಕಾದರೂ ಇಡಬಹುದು. ತಗ್ಗುದನಿಯ ಪಾಲನ್ನು ತಿರುಗುವಿಕೆಗೆ ಕಟ್ಟಿದರೆ ಮೃದಂಗದ ಎಡಗೈಯ ಪೆಟ್ಟಿಗೆ ಚಿತ್ರ ತಿರುಗುತ್ತದೆ. ಇಷ್ಟೇ ಇದರ ಮೂಲತತ್ತ್ವ. ಉಳಿದುದೆಲ್ಲ ಕಲಾವಿದನ ಕೈಚಳಕ, ಅವನ ಅಭಿರುಚಿ.

೩

ಹೀಗೆ ಹುಟ್ಟಿದ ಚಿತ್ರವನ್ನು ಅಳೆಯುವ ಕೋಲು ಯಾವುದು? 'ನೋಡಲು ಚೆನ್ನಾಗಿತ್ತು' ಎಂಬುದು ವಿಮರ್ಶೆಯಲ್ಲ. ಹೈಡ್ರಾದಲ್ಲಿ ನಾಲ್ಕು ಮಾತುಗಳನ್ನು ಕುರುಡಾಗಿ ಜೋಡಿಸಿದರೂ ಕಣ್ಣಿಗೆ ಹಿತವಾದುದೇನೋ ಒಂದು ಬಂದೇ ಬರುತ್ತದೆ. ಸಾಧನದ ಸೊಬಗೇ ಕಲಾವಿದನ ಸೊಬಗೆಂದು ಭ್ರಮಿಸುವ ಅಪಾಯ ಈ ಕಲೆಯಲ್ಲಿ ವಿಶೇಷವಾಗಿದೆ. ಇಲ್ಲಿ ರೇಡಾರಿನ ಉಪಮಾನ ನೆರವಿಗೆ ಬರುವುದು. ರೇಡಾರ್ ಪರದೆಯ ಮೇಲೆ ಒಂದು ಚುಕ್ಕೆ ಬೆಳಗಿದರೆ, ಹೊರಗೆ ಅದಕ್ಕೆ ಉತ್ತರವಾಗಿ ಏನಾದರೊಂದು ಇರಬೇಕು; ಇಲ್ಲವಾದರೆ ಅದು ಯಂತ್ರದ ದೋಷ. ಕಲೆಗೆ ಅಷ್ಟು ಬಿಗಿಯಾದ ಕಟ್ಟಳೆಯನ್ನು ವಿಧಿಸಲಾಗದು, ನಿಜ. ಆದರೂ ಸಂಗೀತದ ಚಿತ್ರವೆಂದು ಹೇಳಿಕೊಳ್ಳುವ ಕೃತಿಯನ್ನು 'ಈ ಚಲನೆ ಹಾಡಿನಲ್ಲಿ ಯಾವುದಕ್ಕೆ ಉತ್ತರ?' ಎಂದು ಕೇಳುವ ಅಧಿಕಾರ ನೋಡುವವನಿಗೆ ಉಂಟು. ಚಿತ್ರವು ಹಾಡಿಗೆ ಹೊಣೆಯಾಗಿರಬೇಕು.

ಈ ಕೋಲಿನಿಂದ ಅಳೆದರೆ ಈಗಿನ ಆಶುಚಿತ್ರದ ಒಂದು ದೊಡ್ಡ ಕೊರತೆ ಎದ್ದುಕಾಣುತ್ತದೆ. ಅದು ಬಹುಮಟ್ಟಿಗೆ ಧ್ವನಿಯ ಬಲಕ್ಕೆ ಮಾತ್ರ ಹೊಣೆಯಾಗಿರುತ್ತದೆ. ಪಶ್ಚಿಮದ ಕುಣಿತದ ಸಂಗೀತದಲ್ಲಿ ಇದರಿಂದ ಹಾನಿಯಿಲ್ಲ; ಅಲ್ಲಿ ತಗ್ಗುದನಿಯ ಮದ್ದಳೆಯ ಗುದ್ದೇ ರಚನೆಯ ಬೆನ್ನೆಲುಬು, ಅದೇ ಎಲ್ಲಕ್ಕಿಂತ ಗಟ್ಟಿಯಾದ ಸದ್ದು ಕೂಡ. ನಮ್ಮ ಸಂಗೀತದಲ್ಲಿ ಮುಖ್ಯವಾದುದು ಗಟ್ಟಿಯಾಗಿರಬೇಕೆಂಬ ನಿಯಮವಿಲ್ಲ. ಗಾಯಕನು ತೋಡಿಯನ್ನು ಆಲಾಪಿಸುವಾಗ ರಾಗದ ಜೀವವಿರುವುದು ಗಾಂಧಾರದ ಕಂಪನದಲ್ಲಿ. ಆ ಕಂಪನ ಸ್ವರದ ಎತ್ತರದಲ್ಲಿ ಆಗುವ ತೂಗಾಟ. ಬಲದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು. ನಾಲ್ಕು ಪಾಲಿನ ಅಳತೆಗೆ ಅದು ಸಿಕ್ಕುವುದೇ ಇಲ್ಲ. ತಂಬೂರಿಯ ಶ್ರುತಿ ಒಂದೇ ಸಮನಾಗಿ ಮೊರೆಯುತ್ತಿರಲು ಚಿತ್ರವು ಸುಮ್ಮನೆ ನಡುಗುತ್ತಿರುತ್ತದೆ. ಮೃದಂಗ ಸೇರಿಕೊಂಡೊಡನೆ ಅದಕ್ಕೆ ಜೀವ ಬಂದಂತಾಗಿ ಕುಪ್ಪಳಿಸತೊಡಗುತ್ತದೆ. ಹೀಗಾಗಿ ಪಕ್ಕವಾದ್ಯವೇ ಚಿತ್ರದ ಪಾಲಿಗೆ ಮುಖ್ಯವಾದ್ಯವಾಗಿ, ಹಾಡುವವನು ಹಿನ್ನೆಲೆಗೆ ಸರಿಯುತ್ತಾನೆ.

ತಾಳದ ವಿಷಯದಲ್ಲಿಯೂ ಹೀಗೆಯೇ. ಆದಿತಾಳದ ೮ ಎಣಿಕೆಗಳಲ್ಲಿ ೬ನೆಯದೂ ೮ನೆಯದೂ ಅಂಗೈಯನ್ನು ಮೇಲುಮಾಡಿ ಬೀಸುವ ಹುಸಿಗಳು. ಅವುಗಳಿಗೆ ಸದ್ದಿಲ್ಲ; ಆದರೆ ತಾಳದ ಅಂಗವಾಗಿ ಪೆಟ್ಟಿನಷ್ಟೇ ಗೌರವವುಂಟು. ಸಭೆಯಲ್ಲಿ ಕುಳಿತ ರಸಿಕನು ತೊಡೆಯ ಮೇಲೆ ತಾಳ ಹಾಕುವಾಗ ಈ ಮೌನವನ್ನೂ ಎಣಿಸುತ್ತಾನೆ. ಸದ್ದನ್ನು ಮಾತ್ರ ಬಲ್ಲ ಯಂತ್ರ ಅದನ್ನು ಎಣಿಸಲಾರದು. ಕರ್ನಾಟಕ ಸಂಗೀತದ ಸಭಿಕನ ಕೈ ಸಾವಿರಾರು ರೂಪಾಯಿಯ ಯಂತ್ರಕ್ಕಿಂತ ಹೆಚ್ಚು ನಿಷ್ಠವಾದ ದೃಶ್ಯವನ್ನು ಕೊಡುತ್ತದೆಂದರೆ ಅತಿಶಯೋಕ್ತಿಯಾಗಲಾರದು.

ಈ ಕೊರತೆ ಸಾಧ್ಯತೆಯ ಕೊರತೆಯಲ್ಲ, ಅಭ್ಯಾಸದ ಕೊರತೆ. ಗಾಯನದ ಸ್ವರಚಲನೆಯನ್ನು ಗೆರೆಯಾಗಿ ಬರೆಯುವ ಯಂತ್ರವನ್ನು ೧೯೮೦ರ ದಶಕದಲ್ಲಿಯೇ ಭಾರತದಲ್ಲಿದ್ದ ಫ್ರೆಂಚ್ ವಿಜ್ಞಾನಿ ಬರ್ನಾರ್ಡ್ ಬೆಲ್ ರಚಿಸಿದ್ದನು. ಅವನೇ ಜೇಮ್ಸ್ ಕಿಪ್ಪನ್ ಎಂಬ ವಿದ್ವಾಂಸನೊಡನೆ ಸೇರಿ ಲಖನೌ ಘರಾಣೆಯ ಉಸ್ತಾದ್ ಆಫಾಕ್ ಹುಸೇನ್ ಖಾನರ ತಬಲಾ ಕಾಯಿದಾಗಳ ನಿಯಮಗಳನ್ನು ಗಣಕಯಂತ್ರಕ್ಕೆ ತಿಳಿಯುವಂತೆ ಬರೆದನು. ಅದಕ್ಕೆ 'ಬೋಲ್ ಪ್ರೊಸೆಸರ್' ಎಂದು ಹೆಸರು. ಇಂದು ಲೈವ್ ಕೋಡಿಂಗ್ ಸಂಗೀತಗಾರರಲ್ಲಿ ಬಹಳವಾಗಿ ಬಳಕೆಯಲ್ಲಿರುವ, ಮೆಕ್ಲೀನ್ ರಚಿಸಿದ 'ಟೈಡಲ್' ಎಂಬ ಸಾಧನದ ಬರವಣಿಗೆಯ ಕ್ರಮವು ಈ ಬೋಲ್ ಪ್ರೊಸೆಸರಿನಿಂದ ಪ್ರೇರಿತವಾದುದು. ಇದರಿಂದ ತಿಳಿಯಬೇಕಾದುದು, ನಮ್ಮ ಸಂಗೀತದ ಒಳಗಿನ ನಿಯಮವನ್ನು ಯಂತ್ರದ ಬರಹಕ್ಕೆ ತರಲು ಸಾಧ್ಯ ಎಂಬುದು. ಹೈಡ್ರಾದಲ್ಲಿಯೂ ಒಂದು ಅಂಕಿಯ ಬದಲು ಅಂಕಿಗಳ ಪಟ್ಟಿಯನ್ನು ಬರೆದರೆ, ಗೊತ್ತುಮಾಡಿದ ಕಾಲಪ್ರಮಾಣದಲ್ಲಿ ಅವು ಒಂದಾದ ಮೇಲೊಂದರಂತೆ ಸುತ್ತುತ್ತವೆ. ೮ ಅಂಕಿಗಳ ಪಟ್ಟಿಯನ್ನು ಬರೆದು ಆದಿತಾಳವನ್ನು ಹೂಡಬಹುದು. ಅದರಲ್ಲಿ ಹುಸಿಗೂ ಸ್ಥಾನವುಂಟು. ಹಾಡುವವನು ಕಾಲವನ್ನು ಏರಿಸಿದಂತೆ ಇಳಿಸಿದಂತೆ ಅಂಕಿಯನ್ನು ತಿದ್ದುತ್ತ ಹೋಗಬೇಕು. ಇದನ್ನು ಮಾಡಬೇಕಾದರೆ ಕೋಡ್ ಬರೆಯುವವನು ತಾಳ ಬಲ್ಲವನಾಗಿರಬೇಕು. ಮೈಕಿಗೆ ಕೆಲಸ ಒಪ್ಪಿಸಿ ಸುಮ್ಮನಿರುವವನಿಗೂ ಇವನಿಗೂ ಇರುವ ಅಂತರವೇ ಈ ಕಲೆಯಲ್ಲಿ ಸಾಮಾನ್ಯನಿಗೂ ಸಮರ್ಥನಿಗೂ ಇರುವ ಅಂತರ.

೪

ನಿಯಮವನ್ನು ಬಿಟ್ಟು ರೂಪವನ್ನು ಮಾತ್ರ ಉಳಿಸಿಕೊಂಡರೆ ಏನಾಗುವುದೆಂಬುದಕ್ಕೆ ನಮ್ಮ ಕಲಾಚರಿತ್ರೆಯಲ್ಲಿಯೇ ನಿದರ್ಶನವಿದೆ. ಅದು ಕನ್ನಡನಾಡಿನಿಂದ ಉತ್ತರಕ್ಕೆ ಬಂದವನೊಬ್ಬನ ಕಥೆಯೂ ಆಗಿರುವುದರಿಂದ ಹೊರನಾಡಿನ ವಾಚಕರಿಗೆ ವಿಶೇಷವಾಗಿ ಸಲ್ಲತಕ್ಕದ್ದು.

ಶಿವಗಂಗೆಯ ಬೆಟ್ಟದ ಸಮೀಪದ ಸಾತನೂರಿನವನಾದ ಪುಂಡರೀಕವಿಠ್ಠಲನು ಹದಿನಾರನೆಯ ಶತಮಾನದಲ್ಲಿ ಕರ್ನಾಟಕವನ್ನು ಬಿಟ್ಟು ಖಾನದೇಶದ ಬುರ್ಹಾನಖಾನನ ಆಶ್ರಯಕ್ಕೆ ಬಂದನು. ಅಲ್ಲಿ 'ಸದ್ರಾಗಚಂದ್ರೋದಯ'ವನ್ನು ಬರೆದು, ಮುಂದೆ ಇನ್ನೂ ಉತ್ತರಕ್ಕೆ ನಡೆದು ಕಛವಾಹ ಅರಸರ ಆಶ್ರಯದಲ್ಲಿ 'ರಾಗಮಂಜರಿ'ಯನ್ನು ಬರೆದನು. ಅಕ್ಬರನ ಮೆಚ್ಚಿಕೆಗಾಗಿ ಬರೆದ ಅವನ 'ನರ್ತನನಿರ್ಣಯ'ವನ್ನು ಮೈಸೂರಿನ ವಿದ್ವಾಂಸರಾದ ರಾ. ಸತ್ಯನಾರಾಯಣ ಅವರು ಸಂಪಾದಿಸಿದರು. ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರವು ಅದನ್ನು ೧೯೯೦ರ ದಶಕದಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿತು. ಪ್ರಕೃತಕ್ಕೆ ಬೇಕಾದುದು ಅವನು ೧೫೭೬ರಲ್ಲಿ ರಚಿಸಿದ 'ರಾಗಮಾಲಾ'. ಇದರಲ್ಲಿ ೬ ಪುರುಷರಾಗಗಳು, ಒಂದೊಂದಕ್ಕೆ ೫ ಮಂದಿ ಹೆಂಡಿರು, ೫ ಮಂದಿ ಮಕ್ಕಳು, ಒಟ್ಟು ೬೬. ಒಂದೊಂದು ರಾಗಕ್ಕೂ ಅದರ ಉಡುಗೆ, ಬಣ್ಣ, ಭಾವ, ಭಂಗಿಗಳನ್ನು ಪುಂಡರೀಕನು ಹೇಳುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ರೂಪದ ಜೊತೆಯಲ್ಲಿಯೇ ಆ ರಾಗದ ಸ್ವರಲಕ್ಷಣವನ್ನೂ ಹೇಳುತ್ತಾನೆ. ಓದುವವನ ಕಣ್ಣ ಮುಂದೆ ರಾಗವು ಹೆಣ್ಣಾಗಿಯೋ ಗಂಡಾಗಿಯೋ ನಿಲ್ಲುವಾಗ ಅದರ ಸ್ವರಗಳೂ ಪಕ್ಕದಲ್ಲಿ ನಿಂತಿರುತ್ತವೆ. ಅವನಿಗೆ ಚಿತ್ರವೂ ಬೇಕು, ಚಿತ್ರವು ಯಾವುದರ ಚಿತ್ರವೆಂಬ ಲೆಕ್ಕವೂ ಬೇಕು.

ದೆಹಲಿಯ ವಸ್ತುಸಂಗ್ರಹಾಲಯಗಳಲ್ಲಿ ನಾವು ನೋಡುವ ರಾಜಸ್ಥಾನದ, ಪಹಾಡಿನ ರಾಗಮಾಲಾ ಚಿತ್ರಗಳ ಸ್ಥಿತಿ ಬೇರೆ. ಅವುಗಳ ಸೌಂದರ್ಯದ ಬಗೆಗೆ ಎರಡು ಮಾತಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ರೂಪವಷ್ಟೇ ಉಳಿದು ಸ್ವರ ಹೊರಟುಹೋಗಿದೆ. ಹಾಳೆಯ ತಲೆಯ ಮೇಲೆ ಪದ್ಯವಿದ್ದಲ್ಲಿಯೂ ಅದು ಸಾಮಾನ್ಯವಾಗಿ ನಾಯಕನಾಯಿಕೆಯರ ವರ್ಣನೆ. ತೋಡಿಯೆಂದರೆ ವೀಣೆ ಹಿಡಿದು ವನದಲ್ಲಿ ನಿಂತ ತರುಣಿ, ಅವಳ ಸುತ್ತ ಜಿಂಕೆಗಳು. ಆ ತೋಡಿ ಯಾವುದು? ಕರ್ನಾಟಕ ಸಂಗೀತದ ತೋಡಿ ೮ನೆಯ ಮೇಳ; ಅದರ ಸ್ವರಗಳು ಹಿಂದುಸ್ತಾನಿಯ ಭೈರವಿಗೆ ಹೊಂದುತ್ತವೆ. ಹಿಂದುಸ್ತಾನಿಯ ತೋಡಿಯಲ್ಲಿ ತೀವ್ರಮಧ್ಯಮವೂ ಶುದ್ಧನಿಷಾದವೂ ಉಂಟು. ಎರಡನ್ನೂ ಕೇಳುವ ಅದೃಷ್ಟವುಳ್ಳ ದೆಹಲಿ ಸೀಮೆಯ ಕನ್ನಡಿಗನು ಚಿತ್ರದ ಮುಂದೆ ನಿಂತು ಇದು ಯಾವ ತೋಡಿಯೆಂದು ಕೇಳಿದರೆ ಅದು ಉತ್ತರ ಹೇಳದು. ಜಿಂಕೆಗೆ ಎರಡು ತೋಡಿಯೂ ಒಂದೇ. ನಿಯಮವನ್ನು ಕಳೆದುಕೊಂಡ ರೂಪವು ಹೆಸರನ್ನು ಮಾತ್ರ ಹೊತ್ತುಕೊಂಡು ಬಾಳಿತು. ಸಂಗೀತವು ತನ್ನ ದಾರಿಯಲ್ಲಿ ಬದಲಾಗುತ್ತ ಹೋಯಿತು.

ಈ ಹಿನ್ನೆಲೆಯಲ್ಲಿ ನೋಡಿದಾಗ ಲೈವ್ ಕೋಡಿಂಗಿನ ನಿಜವಾದ ಹೊಸತನ ಸ್ಪಷ್ಟವಾಗುತ್ತದೆ. ಅದು ಬಣ್ಣದಲ್ಲಿಲ್ಲ, ವೇಗದಲ್ಲಿಲ್ಲ. ಚಿತ್ರವೂ ಚಿತ್ರದ ನಿಯಮವೂ ಮತ್ತೆ ಒಂದೇ ಹಾಳೆಯ ಮೇಲೆ, ಒಂದರ ಮೇಲೊಂದು, ಕೂಡಿ ನಿಂತಿರುವುದರಲ್ಲಿದೆ. ಪುಂಡರೀಕನ ಪದ್ಯದಲ್ಲಿ ಇದ್ದು ಚಿತ್ರಕಾರನ ಹಾಳೆಯಲ್ಲಿ ಇಲ್ಲವಾದುದು ಇಲ್ಲಿ ಮರಳಿ ದೊರೆತಿದೆ.

೫

ದೊರೆತುದನ್ನು ಮತ್ತೆ ಕಳೆದುಕೊಳ್ಳುವ ಸಂಭವವೂ ಇದೆಯೆಂಬುದೇ ಈ ಲೇಖನಕ್ಕೆ ಕಾರಣ. ಹೈಡ್ರಾದಲ್ಲಿ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರಹವೆಲ್ಲ ಮರೆಯಾಗಿ ಚಿತ್ರ ಮಾತ್ರ ನಿಲ್ಲುವ ಸೌಕರ್ಯವುಂಟು. ಕಾರ್ಯಕ್ರಮ ನಡೆಸುವವರಿಗೆ ಇದು ಬಹು ಪ್ರಿಯ. ಪರದೆಯ ಮೇಲೆ ಅಕ್ಷರಗಳಿದ್ದರೆ ಗಾಯಕನಿಗೆ ತೊಡಕು, ಛಾಯಾಚಿತ್ರಕ್ಕೆ ಕುಂದು, ಸಭಿಕರಿಗೆ ಅರ್ಥವಾಗದ ಗೋಜಲು ಎಂಬುದು ಅವರ ವಾದ. ಆ ಮೂರು ಕೀಲಿಗಳನ್ನು ಒತ್ತಿದ ಕ್ಷಣದಲ್ಲಿ ಆಶುಚಿತ್ರವು ಹಿನ್ನೆಲೆಯ ಪರದೆಯಾಗಿಬಿಡುತ್ತದೆ. ಅದು ಆಗ ಬರೆದುದೋ ನಿನ್ನೆ ಬರೆದು ತಂದುದೋ ತಿಳಿಯದು. ಮದುವೆಯ ಮಂಟಪದ ದೀಪಾಲಂಕಾರಕ್ಕೂ ಅದಕ್ಕೂ ಭೇದ ಹೇಳುವ ಬಗೆಯೇ ಉಳಿಯದು.

ಬರಹವನ್ನು ಮುಚ್ಚಬಾರದು, ಪರದೆಯನ್ನು ಸಭೆಗೆ ತೋರಿಸಬೇಕು ಎಂಬುದು ಟಾಪ್‌ಲ್ಯಾಪ್ ಕೂಟದ ಘೋಷಣೆಯ ಮುಖ್ಯಾಂಶ. ಇದನ್ನು ಯಾರೂ ಒಪ್ಪಬೇಕು. ಆದರೆ ಅದೇ ಘೋಷಣೆಯಲ್ಲಿ, ಸಭಿಕರು ಕೋಡನ್ನು ಅರ್ಥಮಾಡಿಕೊಳ್ಳಲೇಬೇಕೆಂದಿಲ್ಲ, ಗಿಟಾರ್ ನುಡಿಸಬಾರದವನೂ ಗಿಟಾರ್ ವಾದನವನ್ನು ನೋಡಿ ಸುಖಿಸುತ್ತಾನಲ್ಲವೆ ಎಂಬ ಅಭಿಪ್ರಾಯವೂ ಸೇರಿದೆ. ಇದು ಅರ್ಧ ಮಾತ್ರ ನಿಜ. ಗಿಟಾರ್ ನುಡಿಸಬಾರದವನಿಗೂ ಬೆರಳು ತಂತಿಯ ಮೇಲೆ ಏರಿದರೆ ಸ್ವರ ಏರುವುದು ಕಾಣುತ್ತದೆ. ಕೈಗೂ ನಾದಕ್ಕೂ ಇರುವ ಕಾರ್ಯಕಾರಣ ಅವನಿಗೆ ಗೋಚರ. ಅರಿಯದ ಭಾಷೆಯ ಅಕ್ಷರಗಳ ಮುಂದೆ ಕುಳಿತವನಿಗೆ ಅಷ್ಟೂ ಗೋಚರವಾಗದು. ಅವನಿಗೆ ತೋರಿಸಿದರೂ ಒಂದೇ, ಮುಚ್ಚಿದರೂ ಒಂದೇ.

ನಮ್ಮ ಅವಧಾನಕಲೆ ಈ ಪ್ರಶ್ನೆಗೆ ಉತ್ತಮ ಸಮಾಧಾನವನ್ನು ಕೊಡುತ್ತದೆ. ನಿಷೇಧಾಕ್ಷರಿಯಲ್ಲಿ ಪೃಚ್ಛಕನು ಹೆಜ್ಜೆಹೆಜ್ಜೆಗೂ ಇಂತಹ ಅಕ್ಷರ ಬರಕೂಡದೆಂದು ತಡೆಯುತ್ತಾನೆ. ಅವಧಾನಿಯು ಬೇರೊಂದು ಅಕ್ಷರವನ್ನು ಹಿಡಿದು ಛಂದಸ್ಸು ಕೆಡದಂತೆ, ಅರ್ಥ ಕೆಡದಂತೆ ಪದ್ಯವನ್ನು ಮುಂದುವರಿಸುತ್ತಾನೆ. ಸಭೆಯಲ್ಲಿರುವವರೆಲ್ಲ ಪದ್ಯ ಕಟ್ಟಬಲ್ಲವರಲ್ಲ. ಆದರೆ ನಿಯಮವೇನೆಂಬುದು ಎಲ್ಲರಿಗೂ ಗೊತ್ತು. ತಡೆದ ಅಕ್ಷರವನ್ನು ಎಲ್ಲರೂ ಕೇಳಿದ್ದಾರೆ. ಅವಧಾನಿ ಅದನ್ನು ದಾಟಿದನೆಂಬುದನ್ನು ಎಲ್ಲರೂ ಬಲ್ಲರು. ಅವರ ಸಂತೋಷ ಹುಟ್ಟುವುದು ಈ ಅರಿವಿನಿಂದ. ಆರ್. ಗಣೇಶ್ ಅವರು ೨೦೧೨ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದಾಗ ಅದು ಕನ್ನಡಿಗರಿಗೆ ದೊಡ್ಡ ಘಟನೆಯಾದದ್ದು, ಸಭೆಯು ತಾನು ಬಲ್ಲ ಭಾಷೆಯಲ್ಲಿ ನಿಯಮವನ್ನು ಹಿಂಬಾಲಿಸಬಹುದಾಗಿದ್ದುದರಿಂದ. ಆಶುಕವಿತೆಗೆ ಸಲ್ಲುವ ಮಾತು ಆಶುಚಿತ್ರಕ್ಕೂ ಸಲ್ಲುವುದು. ಸಭಿಕನು ಎಲ್ಲವನ್ನೂ ಅರಿಯಬೇಕಾಗಿಲ್ಲ. ತಾಳವನ್ನು ಅರಿಯುವಷ್ಟು ಅರಿತರೆ ಸಾಕು.

೬

ಹಾಗಾದರೆ ಕನ್ನಡದ ಸಭೆಯ ಮುಂದೆ ಈ ಬರಹವು ಕನ್ನಡದಲ್ಲಿ ಬರಬಹುದೆ? ಬರಬಹುದು, ತಾಂತ್ರಿಕವಾಗಿ ದೊಡ್ಡ ಅಡ್ಡಿಯಿಲ್ಲ. ಹೈಡ್ರಾಕ್ಕೆ ಆಧಾರವಾದ ಜಾವಾಸ್ಕ್ರಿಪ್ಟ್ ಭಾಷೆಯು ಹೆಸರುಗಳಲ್ಲಿ ಕನ್ನಡ ಅಕ್ಷರಗಳನ್ನು ಒಪ್ಪುತ್ತದೆ. ಅಂಕಿಗಳನ್ನು ಮಾತ್ರ ಕನ್ನಡದ ಲಿಪಿಯಲ್ಲಿ ಒಪ್ಪದೆ ಅಂತರರಾಷ್ಟ್ರೀಯ ಅಂಕಿಗಳಲ್ಲಿಯೇ ಬೇಡುವುದು. 'ಆಸ್ಕ್' ಎಂಬುದಕ್ಕೆ 'ಅಲೆ' ಎಂದೂ 'ಔಟ್' ಎಂಬುದಕ್ಕೆ 'ತೋರು' ಎಂದೂ ಒಮ್ಮೆ ಪರ್ಯಾಯನಾಮಗಳನ್ನು ಕೊಟ್ಟುಕೊಂಡರೆ ಮುಂದೆ ಆ ಹೆಸರುಗಳಿಂದಲೇ ಬರೆಯಬಹುದು.

ಹೆಸರು ಬದಲಾಯಿಸಿದ ಮಾತ್ರಕ್ಕೆ ಏನು ಸಾಧಿಸಿದಂತಾಯಿತು, ಇದು ಬರಿಯ ಅಭಿಮಾನವಲ್ಲವೆ ಎಂದು ಆಕ್ಷೇಪಿಸುವವರುಂಟು. ಈ ಆಕ್ಷೇಪಕ್ಕೆ ಉತ್ತರವನ್ನು ವ್ಯಾಕರಣದಲ್ಲಿ ಹುಡುಕಬೇಕು. ಮೇಲೆ ವಿವರಿಸಿದ ಸಾಲನ್ನು ಕನ್ನಡದಲ್ಲಿ ಬರೆದು ನೋಡೋಣ:

ಅಲೆ(೧೦).ತಿರುಗಿಸಿ(೦.೫).ಮಡಿಸಿ(೪).ತೋರು()

ಆವರಣಗಳನ್ನೂ ಚುಕ್ಕೆಗಳನ್ನೂ ತೆಗೆದು ಓದಿದರೆ ಇದು 'ಅಲೆ ತಿರುಗಿಸಿ ಮಡಿಸಿ ತೋರು' ಎಂಬ ಕನ್ನಡ ವಾಕ್ಯವೇ. ಮೊದಲು ಕರ್ಮ, ಆಮೇಲೆ ಒಂದರ ಹಿಂದೊಂದು ಕೃದಂತಾವ್ಯಯಗಳು, ಕೊನೆಯಲ್ಲಿ ಒಂದೇ ಒಂದು ಪೂರ್ಣಕ್ರಿಯೆ. 'ಅಕ್ಕಿ ತೊಳೆದು ಬೇಯಿಸಿ ಬಡಿಸು' ಎಂದು ಮನೆಯಲ್ಲಿ ನಾವು ಆಡುವ ಮಾತಿನ ಕ್ರಮ ಇದೇ. ಇಂಗ್ಲಿಷಿನಲ್ಲಿ ಕ್ರಿಯೆ ಮುಂದೆ ಬಂದು ಕರ್ಮ ಹಿಂದೆ ನಿಲ್ಲುವುದರಿಂದ, ಈ ಸಾಲು ಇಂಗ್ಲಿಷ್ ಪದಗಳಲ್ಲಿದ್ದರೂ ಇಂಗ್ಲಿಷ್ ವಾಕ್ಯವಾಗಿಲ್ಲ. ಅದರ ಅಂಗರಚನೆ ನಮ್ಮದಕ್ಕೆ ಹತ್ತಿರ. ಇನ್ನೂ ಒಂದು ವಿಶೇಷವುಂಟು. 'ಅಲೆ ತಿರುಗಿಸಿ ಮಡಿಸಿ' ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳುವವನಿಗೆ ಆಕಾಂಕ್ಷೆ ತೀರುವುದಿಲ್ಲ; ವಾಕ್ಯ ಅಪೂರ್ಣ. ಯಂತ್ರದಲ್ಲಿಯೂ ಕೊನೆಯ ಆಜ್ಞೆಯನ್ನು ಬರೆಯುವವರೆಗೆ ಪರದೆಯ ಮೇಲೆ ಏನೂ ಮೂಡದು. ವ್ಯಾಕರಣದ ಅಪೂರ್ಣತೆಯೂ ಯಂತ್ರದ ಅಪೂರ್ಣತೆಯೂ ಇಲ್ಲಿ ಒಂದೇ ಆಗಿವೆ.

ಪೂರ್ಣಕ್ರಿಯೆಯ ವಿಷಯದಲ್ಲಿಯೂ ಕನ್ನಡಕ್ಕೆ ಒಂದು ಅನುಕೂಲವಿದೆ. ನೋಡು, ಕೂಡು, ಕಳೆ, ಮಡಿ, ತೋರು: ಧಾತುವೇ ಯಾವ ಪ್ರತ್ಯಯದ ಬೆಂಬಲವೂ ಇಲ್ಲದೆ ಆಜ್ಞೆಯಾಗಬಲ್ಲದು. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಧಾತುಗಳಿಗೆ ಒಂದು ಪ್ರಕರಣವನ್ನು ಮೀಸಲಿಟ್ಟು ಅವುಗಳನ್ನು ಸಂಗ್ರಹಿಸಿಕೊಟ್ಟಿದ್ದಾನೆ. ಯಂತ್ರಕ್ಕೆ ಆಜ್ಞೆಯ ಮಾತುಗಳನ್ನು ಹುಡುಕುವವನು ಹೊಸದಾಗಿ ಸಂಸ್ಕೃತಸಮಾಸಗಳನ್ನು ಟಂಕಿಸಬೇಕಾಗಿಲ್ಲ. ಎರಡು ಮೂರು ಅಕ್ಷರಗಳ ದೇಸಿ ಧಾತುಗಳೇ ಸಾಕು. ಇದರಲ್ಲಿ ವ್ಯವಹಾರದ ಲಾಭವೂ ಉಂಟು. ಹಾಡು ನಡೆಯುತ್ತಿರುವಾಗ ಬರೆಯುವವನಿಗೆ ವೇಗ ಮುಖ್ಯ. ಒತ್ತಕ್ಷರಗಳಿಂದ ತುಂಬಿದ ಉದ್ದದ ಪದಗಳನ್ನು ಕೀಲಿಮಣೆಯ ಮೇಲೆ ಒತ್ತುತ್ತ ಕುಳಿತರೆ ಪಲ್ಲವಿ ಮುಗಿದು ಹೋಗಿರುತ್ತದೆ.

ಇದಕ್ಕೆ ಮಿತಿಯೂ ಇದೆ. ಒಳಗಿನ ಯಂತ್ರಭಾಗ ಇಂಗ್ಲಿಷಿನಲ್ಲಿಯೇ ಉಳಿಯುವುದು. ಜಗತ್ತಿನ ಇತರ ಕಲಾವಿದರೊಡನೆ ಕೊಡುಕೊಳೆಗೆ ಅದು ಬೇಕು ಕೂಡ. ಕನ್ನಡದಲ್ಲಿ ಬರೆದ ಕಾರಣಕ್ಕೆ ಕೆಟ್ಟ ಚಿತ್ರ ಒಳ್ಳೆಯದಾಗಲಾರದು. ಇಲ್ಲಿ ಹೇಳುತ್ತಿರುವುದು ಇಷ್ಟೇ: ಪರದೆಯ ಮೇಲಿನ ಬರಹವು ಸಭೆಯೊಡನೆ ಆಡುವ ಮಾತೆಂದು ಒಪ್ಪಿದ ಮೇಲೆ, ಸಭೆ ಬಲ್ಲ ಭಾಷೆಯಲ್ಲಿ ಅದನ್ನು ಆಡುವುದು ಯುಕ್ತ.

೭

ಹೊರನಾಡಿನ ಕನ್ನಡ ಸಂಘಗಳಿಗೆ ಈ ವಿಚಾರದಿಂದ ಮೂರು ಸಲಹೆಗಳು ಹೊರಡುತ್ತವೆ. ಮೊದಲನೆಯದು, ಇಂತಹ ಕಾರ್ಯಕ್ರಮವನ್ನು ಏರ್ಪಡಿಸಿದಾಗ ಬರಹವನ್ನು ಮುಚ್ಚಗೊಡಬಾರದು. ಪ್ರಾರಂಭದಲ್ಲಿ ಐದು ನಿಮಿಷ ಕಲಾವಿದನೇ ನಾಲ್ಕೈದು ಮಾತುಗಳ ಅರ್ಥವನ್ನು ಸಭೆಗೆ ತಿಳಿಸಿಕೊಡಬೇಕು. ಎರಡನೆಯದು, ಕೋಡ್ ಬರೆಯುವವನನ್ನೂ ಹಾಡುವವನನ್ನೂ ಮೊದಲೇ ಒಂದು ಕಡೆ ಕೂರಿಸಬೇಕು. ಘಾಜಿಯಾಬಾದ್, ನೋಯ್ಡಾ, ದೆಹಲಿಗಳ ಕನ್ನಡ ಮನೆಗಳಲ್ಲಿ ಸಂಗೀತ ಕಲಿತ ಹಿರಿಯರೂ ಕೋಡ್ ಬಲ್ಲ ಕಿರಿಯರೂ ಒಂದೇ ಸೂರಿನಡಿ ಇರುವುದು ಅಪರೂಪವಲ್ಲ. ತಾಳದ ಹುಸಿಯನ್ನು ಪಟ್ಟಿಯಲ್ಲಿ ಎಲ್ಲಿ ಇಡಬೇಕೆಂಬುದನ್ನು ಹಿರಿಯರು ಹೇಳಬಲ್ಲರು. ಅದನ್ನು ಬರೆಯುವ ಬಗೆಯನ್ನು ಕಿರಿಯರು ತೋರಿಸಬಲ್ಲರು. ಇಬ್ಬರಿಗೂ ನಡುವೆ ಆಗಬೇಕಾದ ಆ ಮಾತುಕತೆ ಕನ್ನಡದಲ್ಲಿಯೇ ಆಗಬೇಕಾಗುತ್ತದೆ.

ಮೂರನೆಯದು ಸಂಶೋಧನ ಪತ್ರಿಕೆಗಳಿಗೆ ಸೇರಿದುದು. ಕಾರ್ಯಕ್ರಮ ಮುಗಿದ ಮೇಲೆ ಚಿತ್ರ ಉಳಿಯುವುದಿಲ್ಲ. ಉಳಿಯಬಲ್ಲುದು ಬರಹ ಮಾತ್ರ. ಕೃತಿಗಳನ್ನು ಸ್ವರಪ್ರಸ್ತಾರದೊಡನೆ ಅಚ್ಚುಹಾಕುವ ಪದ್ಧತಿ ನಮ್ಮಲ್ಲಿ ಬಂದುದರಿಂದ ಎಷ್ಟೋ ರಚನೆಗಳು ಉಳಿದುವು. ಪಾಠಭೇದಗಳನ್ನು ಕುರಿತು ಚರ್ಚಿಸುವುದು ಸಾಧ್ಯವಾಯಿತು. ಅಂತೆಯೇ ಉತ್ತಮವಾದ ಆಶುಚಿತ್ರವೊಂದರ ಸಾಲುಗಳನ್ನು, ಅವು ಬದಲಾದ ಕ್ರಮದೊಡನೆ, ಯಾವ ರಾಗಕ್ಕೆ ಯಾವ ತಾಳಕ್ಕೆ ಬರೆದುವೆಂಬ ವಿವರದೊಡನೆ ಅಚ್ಚುಹಾಕಿದರೆ ಅದು ಓದಬಹುದಾದ, ತಿದ್ದಬಹುದಾದ, ಮತ್ತೊಬ್ಬರು ನಡೆಸಬಹುದಾದ ಪಠ್ಯವಾಗುತ್ತದೆ. ಪುಂಡರೀಕವಿಠ್ಠಲನು ಕಂಡ ರೂಪಗಳು ನಾಲ್ಕೂವರೆ ಶತಮಾನಗಳ ಬಳಿಕ ನಮಗೆ ದೊರೆತಿರುವುದು ಅವನು ಅವುಗಳನ್ನು ಸ್ವರದೊಡನೆ ಬರೆದಿಟ್ಟುದರಿಂದ. ಇಂದಿನ ತರುಣರು ಬರೆಯುತ್ತಲೇ ಇದ್ದಾರೆ. ಅದನ್ನು ಇಡುವ ಕೆಲಸ ನಮ್ಮದು.